ಒಂದೇ ಆಸ್ಪತ್ರೆ, ಆರು ಧಣಿಗಳು: ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಕೊಡುವವರು ಯಾರ್ಯಾರು?

ಯಾವುದಾದರೂ ತಾಲ್ಲೂಕು ಆಸ್ಪತ್ರೆಗೆ ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ನೋಡಿ. ಇಂಜೆಕ್ಷನ್ ರೂಮಿನಲ್ಲಿ ಒಬ್ಬರು ಸಿಸ್ಟರ್, ಎನ್‌ಸಿಡಿ (ಅಂಟಿಕೊಳ್ಳದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಬಿಪಿ-ಶುಗರ್ ನೋಡುತ್ತಿರುವ ಇನ್ನೊಬ್ಬರು ಸಿಸ್ಟರ್, ವರಾಂಡ ಒರೆಸುತ್ತಿರುವ ಆಯಾ, ಡಯಾಲಿಸಿಸ್ ಘಟಕದಲ್ಲಿ ಟೆಕ್ನಿಷಿಯನ್, ಹೊರಗೆ ನಿಂತ 108 ಆಂಬುಲೆನ್ಸಿನ ಡ್ರೈವರ್, ಆಯುಷ್ಮಾನ್ ಕಾರ್ಡು ನೋಡಿ ಕಂಪ್ಯೂಟರ್‌ಗೆ ಹಾಕುವ ಆರೋಗ್ಯ ಮಿತ್ರ. ನಮ್ಮ ಕಣ್ಣಿಗೆ ಇವರೆಲ್ಲ ‘ಗೌರ್ಮೆಂಟ್ ಆಸ್ಪತ್ರೆಯವರು’. ಆದರೆ ತಿಂಗಳ ಕೊನೆಗೆ ಇವರ ಖಾತೆಗೆ ಸಂಬಳ ಹಾಕುವವರು ಒಬ್ಬರೇ ಅಲ್ಲ. ಆರು ಜನಕ್ಕೆ ಆರು ಧಣಿಗಳು.

ನರ್ಸಿಂಗ್, ಪ್ಯಾರಾಮೆಡಿಕಲ್ ಮುಗಿಸಿದ ಮಕ್ಕಳು, ಅವರ ಅಪ್ಪ-ಅಮ್ಮ ಸಾಮಾನ್ಯವಾಗಿ ಕೇಳುವುದು ‘ಯಾವ ಕೆಲಸ ಸಿಗುತ್ತೆ’ ಅಂತ. ಅದರ ಜೊತೆಗೆ ‘ಕೆಲಸ ಕೊಡೋರು ಯಾರು’ ಅಂತಲೂ ಕೇಳಬೇಕು. ಸಂಬಳ, ರಜೆ, ಪಿಎಫ್, ನಾಳೆ ಕೆಲಸ ಇರುತ್ತೋ ಇಲ್ಲವೋ ಎಂಬುದು ಬಹುಪಾಲು ನಿಂತಿರುವುದು ಆ ಪ್ರಶ್ನೆಯ ಮೇಲೆ. ಒಂದೇ ಓದು, ಒಂದೇ ಯೂನಿಫಾರಂ, ಒಂದೇ ಡ್ಯೂಟಿ ಇದ್ದರೂ ಇಬ್ಬರ ಬದುಕು ಬೇರೆ ಬೇರೆಯಾಗುವುದು ಹಾಗೆ. ಆ ತಾಲ್ಲೂಕು ಆಸ್ಪತ್ರೆಯಿಂದಲೇ ಶುರು ಮಾಡೋಣ.

ಕಾಯಂ, ಕಾಂಟ್ರಾಕ್ಟ್, ಔಟ್‌ಸೋರ್ಸ್

ಇಂಜೆಕ್ಷನ್ ರೂಮಿನ ಸಿಸ್ಟರ್ ಕಾಯಂ ನೌಕರರು. ಅವರ ಧಣಿ ರಾಜ್ಯದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ. ಇಲಾಖೆಯ ಜಾಲ ಹಳ್ಳಿಯವರೆಗೂ ಹೋಗುತ್ತದೆ. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1.2 ಲಕ್ಷ ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು ಎಂಬುದು ಲೆಕ್ಕ. ಗುಡ್ಡಗಾಡು, ಆದಿವಾಸಿ ಪ್ರದೇಶಗಳಲ್ಲಿ ಇದೇ ಲೆಕ್ಕ 3,000, 20,000 ಮತ್ತು 80,000ಕ್ಕೆ ಇಳಿಯುತ್ತದೆ. ಡಾಕ್ಟರು, ನರ್ಸು, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಷಿಯನ್, ಮನೆಮನೆಗೆ ಹೋಗುವ ಆರೋಗ್ಯ ಸಿಬ್ಬಂದಿ, ಎಲ್ಲರಿಗೂ ಇಲ್ಲಿ ಹುದ್ದೆಗಳಿವೆ. ಅಧಿಸೂಚನೆ ಹುಡುಕುವವರು ಒಂದು ವಿಷಯ ನೆನಪಿಡಿ. ಸ್ಟಾಫ್ ನರ್ಸ್ ಹುದ್ದೆಗೆ ಈಗ ಶುಶ್ರೂಷಾಧಿಕಾರಿ ಅಂತ ಹೆಸರು. ನಾವು ಎಎನ್‌ಎಂ ಅನ್ನುವವರು ಕಾಗದದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಹಳೆ ಹೆಸರಲ್ಲಿ ಹುಡುಕಿದರೆ ಸಿಗುವುದಿಲ್ಲ.

ಈ ಕೆಲಸಕ್ಕೆ ಜನ ಯಾಕೆ ಮುಗಿಬೀಳುತ್ತಾರೆ ಅಂತ ಬೇರೆ ಹೇಳಬೇಕಾಗಿಲ್ಲ. ಆದರೂ ‘ಸರ್ಕಾರಿ ಕೆಲಸ ಅಂದರೆ ಪೆನ್ಷನ್’ ಎಂದು ಈಗಲೂ ನಂಬಿದವರಿದ್ದಾರೆ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಹಳೆ ಪೆನ್ಷನ್ ಅಲ್ಲ, ನೌಕರರ ಸಂಬಳದಿಂದಲೂ ದುಡ್ಡು ಹಿಡಿಯುವ ಎನ್‌ಪಿಎಸ್. ಇನ್ನೊಂದು ವಿಷಯ: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಅಲ್ಲಿನ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿಗೆ ಶೇ. 75, ಸಿ ಗುಂಪಿಗೆ ಶೇ. 80, ಡಿ ಗುಂಪಿಗೆ ಶೇ. 85ರಷ್ಟು ಸ್ಥಳೀಯರಿಗೇ ಮೀಸಲು. ಅರ್ಜಿ ಹಾಕುವ ಕೊನೇ ದಿನ ಉಪವಿಭಾಗಾಧಿಕಾರಿ (ಎಸಿ) ಕಚೇರಿಗೆ ಓಡಿದರೆ ಕೆಲಸ ಆಗಲ್ಲ.

ಎನ್‌ಸಿಡಿ ಕ್ಲಿನಿಕ್‌ನ ಸಿಸ್ಟರ್ ಓದಿದ್ದೂ ಅದೇ, ಮಾಡುವ ಕೆಲಸವೂ ಹೆಚ್ಚುಕಮ್ಮಿ ಅದೇ. ಆದರೆ ಅವರು ‘ಎನ್‌ಎಚ್‌ಎಂ’. 2005ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಗ್ರಾಮೀಣ ಆರೋಗ್ಯ ಅಭಿಯಾನವೇ ಮುಂದೆ ರಾಷ್ಟ್ರೀಯ ಆರೋಗ್ಯ ಅಭಿಯಾನ ಆಯಿತು. ಖರ್ಚಿನಲ್ಲಿ ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40. ನೇಮಕಾತಿ ಮಾಡುವುದು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘ, ಅಂದರೆ ನಡೆಯುವುದೆಲ್ಲ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಯಲ್ಲಿ. ಕಾಂಟ್ರಾಕ್ಟ್ ಒಂದು ಆರ್ಥಿಕ ವರ್ಷಕ್ಕೆ. ಮಾರ್ಚ್ ಬಂತೆಂದರೆ ರಿನ್ಯೂವಲ್ ಚಿಂತೆ. ಹತ್ತು-ಹದಿನೈದು ವರ್ಷ ಹೀಗೇ ದುಡಿದವರಿದ್ದಾರೆ. ಕಾಯಂ ಮಾಡಿ ಎಂದು 2023ರಲ್ಲಿ ಇವರು ದೊಡ್ಡ ಮುಷ್ಕರವನ್ನೇ ಮಾಡಿದರು.

ಆದರೂ ಹೊಸಬರಿಗೆ ಎನ್‌ಎಚ್‌ಎಂ ಒಳ್ಳೆಯ ಬಾಗಿಲು ಅಂತಲೇ ನಾನು ಹೇಳುತ್ತೇನೆ. ಇಲಾಖೆಯ ದೊಡ್ಡ ನೇಮಕಾತಿಗೆ ವರ್ಷಗಟ್ಟಲೆ ಕಾಯಬೇಕು. ಇಲ್ಲಿ ಹಾಗಲ್ಲ, ಜಿಲ್ಲಾ ಮಟ್ಟದಲ್ಲಿ ಆಗಾಗ ಹುದ್ದೆಗಳು ಬರುತ್ತಿರುತ್ತವೆ. ಅದರಲ್ಲೂ ಬಿಎಸ್ಸಿ ನರ್ಸಿಂಗ್ ಓದಿದವರಿಗೆ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಹುದ್ದೆ ಇದೆ. ಹಳ್ಳಿಯ ಉಪಕೇಂದ್ರವನ್ನು, ಈಗಿನ ಹೆಸರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರವನ್ನು, ನೋಡಿಕೊಳ್ಳುವ ಕೆಲಸ. ಡಾಕ್ಟರ್ ಪಕ್ಕದಲ್ಲಿರುವುದಿಲ್ಲ. ಬಿಪಿ, ಶುಗರ್ ತಪಾಸಣೆ, ಮಾತ್ರೆ ವಿತರಣೆ, ಯಾರನ್ನು ಮುಂದಿನ ಆಸ್ಪತ್ರೆಗೆ ಕಳಿಸಬೇಕು ಎಂಬ ತೀರ್ಮಾನ, ಎಲ್ಲ ನಿಮ್ಮದೇ. ಪಟ್ಟಣಗಳಲ್ಲಿ 2022ರ ಡಿಸೆಂಬರ್‌ನಲ್ಲಿ ಶುರುವಾದ ನಮ್ಮ ಕ್ಲಿನಿಕ್‌ಗಳಲ್ಲೂ ಒಬ್ಬ ಡಾಕ್ಟರ್, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಡಿ ಗ್ರೂಪ್ ನೌಕರ ಎಂಬ ಪುಟ್ಟ ತಂಡಕ್ಕೆ ಜಾಗವಿದೆ.

ಮೂರನೆಯ ಧಣಿ ಔಟ್‌ಸೋರ್ಸ್ ಏಜೆನ್ಸಿ. ವರಾಂಡ ಒರೆಸುವ ಆಯಾ, ಗೇಟಿನ ಸೆಕ್ಯುರಿಟಿ, ಎಷ್ಟೋ ಕಡೆ ಡೇಟಾ ಎಂಟ್ರಿ ಆಪರೇಟರ್ ಕೂಡ ಈ ಲೆಕ್ಕಕ್ಕೆ ಬರುತ್ತಾರೆ. ಆಸ್ಪತ್ರೆ ಟೆಂಡರ್ ಕರೆಯುತ್ತದೆ, ಏಜೆನ್ಸಿ ಜನರನ್ನು ಕೊಡುತ್ತದೆ, ದುಡ್ಡು ಏಜೆನ್ಸಿ ಕೈ ದಾಟಿ ಬರುತ್ತದೆ. ಟೆಂಡರ್ ಮುಗಿದು ಹೊಸ ಏಜೆನ್ಸಿ ಬಂದರೆ ಅದೇ ಆಯಾ, ಅದೇ ಪೊರಕೆ, ಧಣಿ ಮಾತ್ರ ಬೇರೆ. ಸಂಬಳದ ಬಾಕಿ, ಪಿಎಫ್ ಎಲ್ಲ ಗೋಜಲಾಗುವುದು ಈ ಕೈ ಬದಲಾಗುವ ಹೊತ್ತಿನಲ್ಲೇ. ಪಿಎಫ್‌ಗೆ ನೌಕರರಿಂದ ಶೇ. 12 ಹಿಡಿಯುತ್ತಾರೆ, ಮಾಲೀಕರೂ ಅಷ್ಟೇ ಸೇರಿಸಬೇಕು. ತಿಂಗಳ ಸಂಬಳ 21,000 ರೂಪಾಯಿವರೆಗಿದ್ದರೆ ಇಎಸ್‌ಐ (ನೌಕರರ ವಿಮೆ) ಕೂಡ ಇದೆ. ಅದಕ್ಕೆ ನೌಕರರದ್ದು ಶೇ. 0.75, ಮಾಲೀಕರದ್ದು ಶೇ. 3.25. ಸಂಬಳದ ಚೀಟಿಯಲ್ಲಿ ಹಿಡಿದಿದ್ದಾರೆ ಅಂದ ಮಾತ್ರಕ್ಕೆ ಜಮಾ ಆಯಿತು ಅಂತಲ್ಲ. ನಿಮ್ಮ ಪಿಎಫ್ ಖಾತೆಯ ಯುಎಎನ್ ನಂಬರ್ ಹಾಕಿ ಪಿಎಫ್ ಪಾಸ್‌ಬುಕ್ ನೋಡಿ. ಎರಡು ನಿಮಿಷದ ಕೆಲಸ.

ಡಯಾಲಿಸಿಸ್ ಘಟಕ ಸ್ವಲ್ಪ ಬೇರೆ ಕಥೆ. ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕಗಳನ್ನು ನಡೆಸಲು ಸರ್ಕಾರ ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾ ಬಂದಿದೆ. ಕಟ್ಟಡ ಸರ್ಕಾರದ್ದು, ಟೆಕ್ನಿಷಿಯನ್ ಆ ಸಂಸ್ಥೆಯವರು. ಈ ಕೆಲಸ ಹೇಗಿರುತ್ತೆ ಅಂತ ಹತ್ತಿರದಿಂದ ನೋಡಿ. ಬೆಳಿಗ್ಗೆ ಬಂದ ಕೂಡಲೇ ಆರ್‌ಒ ನೀರಿನ ಘಟಕ ಸರಿಯಿದೆಯಾ ಎಂದು ನೋಡಬೇಕು, ಮಷಿನ್ ತೊಳೆದು ಸಜ್ಜು ಮಾಡಬೇಕು. ರೋಗಿ ಬಂದಾಗ ಮೊದಲು ತೂಕ. ಹೋದ ಸಲ ಎದ್ದು ಹೋಗುವಾಗ ಇದ್ದದ್ದಕ್ಕಿಂತ ಎಷ್ಟು ಜಾಸ್ತಿ ಎಂಬುದರ ಮೇಲೆ ಎಷ್ಟು ನೀರು ತೆಗೆಯಬೇಕು ಎಂಬ ಲೆಕ್ಕ. ಆಮೇಲೆ ಕೈಯಲ್ಲಿನ ಫಿಸ್ಟುಲಾಗೆ (ಡಯಾಲಿಸಿಸ್‌ಗೆಂದೇ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳಕ್ಕೆ) ಎರಡು ದಪ್ಪ ಸೂಜಿ. ನಾಲ್ಕು ಗಂಟೆ ಮಷಿನ್ ಓಡುತ್ತದೆ. ಆ ಹೊತ್ತಿನಲ್ಲಿ ಬಿಪಿ ಕುಸಿಯಬಹುದು, ಕಾಲಿನ ಸ್ನಾಯು ಹಿಡಿದುಕೊಂಡು ರೋಗಿ ಚೀರಬಹುದು. ಅವರನ್ನು ಎಬ್ಬಿಸಿ ಕಳಿಸುವಷ್ಟರಲ್ಲಿ ಮುಂದಿನ ಪಾಳಿಯವರು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ. ವಾರಕ್ಕೆ ಎರಡು-ಮೂರು ಸಲ, ವರ್ಷಗಟ್ಟಲೆ ಅದೇ ಮುಖಗಳು. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಆದಮೇಲೆ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಮಾಡಿ ಈ ಕೆಲಸಕ್ಕೆ ಬರಬಹುದು. ಕಿಡ್ನಿ ರೋಗಿಗಳು ಹೆಚ್ಚುತ್ತಲೇ ಇರುವುದರಿಂದ ಕೈಚಳಕ ಇದ್ದವರಿಗೆ ಎಲ್ಲೂ ಕೆಲಸಕ್ಕೆ ತೊಂದರೆಯಿಲ್ಲ.

108 ಆಂಬುಲೆನ್ಸ್ ಕರ್ನಾಟಕದಲ್ಲಿ ಓಡಲು ಶುರುವಾಗಿದ್ದು 2008ರ ನವೆಂಬರ್ 1ರಂದು. ಅದನ್ನೂ ಒಪ್ಪಂದದ ಮೇಲೆ ಹೊರಗಿನ ಸಂಸ್ಥೆ ನಡೆಸಿಕೊಂಡು ಬಂತು. ಡ್ರೈವರ್‌ಗೆ ಇಲ್ಲಿ ‘ಪೈಲಟ್’ ಅನ್ನುತ್ತಾರೆ, ಹಿಂದೆ ರೋಗಿಯ ಜೊತೆ ಕೂರುವವರು ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ಟೆಕ್ನಿಷಿಯನ್. ಸಂಬಳ ತಡವಾಯಿತು ಎಂದು ಇವರು ಮುಷ್ಕರದ ಎಚ್ಚರಿಕೆ ಕೊಟ್ಟ ಸುದ್ದಿಯನ್ನು ಎಷ್ಟು ಸಲ ಓದಿದ್ದೇವೆ ಅಲ್ವಾ? ಇನ್ನು ಆರೋಗ್ಯ ಮಿತ್ರರ ಕೆಲಸ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೋಡಿಕೊಳ್ಳುವ ಯೋಜನೆಯದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಕಾಗದಪತ್ರ ಹೊಂದಿಸಿ ಅನುಮತಿ ತರಿಸುವವರು ಇವರೇ.

ಈ ಆರರಲ್ಲಿ ಯಾವುದಕ್ಕೂ ಸೇರದವರು ಒಬ್ಬರಿದ್ದಾರೆ: ಆಶಾ ಕಾರ್ಯಕರ್ತೆ. ಹಳ್ಳಿಯಲ್ಲಿ ಸುಮಾರು ಸಾವಿರ ಜನಕ್ಕೆ ಒಬ್ಬರು. ಬಸುರಿ ಹೆಂಗಸರನ್ನು ಆಸ್ಪತ್ರೆಗೆ ಕರೆತರುವುದರಿಂದ ಹಿಡಿದು ಸೊಳ್ಳೆ ಲಾರ್ವಾ ಸರ್ವೆವರೆಗೆ ಎಲ್ಲದಕ್ಕೂ ಅವರೇ ಬೇಕು. ಆದರೆ ಸರ್ಕಾರದ ಲೆಕ್ಕದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕರು. ಸಿಗುವುದು ಗೌರವಧನ ಮತ್ತು ಕೆಲಸವಾರು ಪ್ರೋತ್ಸಾಹಧನ. 2025ರ ಜನವರಿಯಲ್ಲಿ ಚಳಿಯಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು-ರಾತ್ರಿ ಕೂತಿದ್ದು ಇದಕ್ಕೇ. ಇದನ್ನು ‘ಉದ್ಯೋಗಾವಕಾಶ’ದ ಪಟ್ಟಿಗೆ ಸೇರಿಸಲು ನನಗಂತೂ ಮನಸ್ಸು ಬರುವುದಿಲ್ಲ.

ಜಿಲ್ಲಾ ಕೇಂದ್ರದ ದೊಡ್ಡಾಸ್ಪತ್ರೆ ಬೇರೆ ಇಲಾಖೆ

ಜನರಿಗೆ ಗೊಂದಲ ಆಗುವುದು ಇಲ್ಲಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಬೆಂಗಳೂರಿನ ವಿಕ್ಟೋರಿಯಾ ಇವೆಲ್ಲ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಸೇರಿದವು. ಅವು ಬರುವುದು ವೈದ್ಯಕೀಯ ಶಿಕ್ಷಣ ಇಲಾಖೆಗೆ. ಈ ಕಾಲೇಜುಗಳು ಸ್ವಾಯತ್ತ ಸಂಸ್ಥೆಗಳು. ಆರೋಗ್ಯ ಇಲಾಖೆಯ ವೆಬ್‌ಸೈಟ್ ಮಾತ್ರ ನೋಡುತ್ತಾ ಕೂತವರಿಗೆ ಇವುಗಳ ನೇಮಕಾತಿ ಪ್ರಕಟಣೆ ತಪ್ಪಿಹೋಗುತ್ತದೆ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯೂ ಇದೇ ಥರ. ಇಂಥ ಕಡೆ ಕ್ಯಾಥ್ ಲ್ಯಾಬ್, ರೇಡಿಯೋಥೆರಪಿಯಂಥ ವಿಭಾಗದಲ್ಲಿ ಎರಡು ವರ್ಷ ಪಳಗಿದರೆ ಆಮೇಲೆ ಖಾಸಗಿಯವರೇ ಹುಡುಕಿಕೊಂಡು ಬರುತ್ತಾರೆ.

ಕೇಂದ್ರ ಸರ್ಕಾರದ ಕೆಲಸವನ್ನು ನಮ್ಮವರು ಮರೆತೇಬಿಡುತ್ತಾರೆ. ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ, 2012ರ ಕಾಯ್ದೆಯ ಪ್ರಕಾರ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆ. ನೈರುತ್ಯ ರೈಲ್ವೆಗೆ ಹುಬ್ಬಳ್ಳಿಯಲ್ಲಿ ಆಸ್ಪತ್ರೆ ಇದೆ. ರೈಲ್ವೆ ನೇಮಕಾತಿ ಮಂಡಳಿ ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಸಿಬ್ಬಂದಿ, ಹೆಲ್ತ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆಸುವ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಮಿಲಿಟರಿ ನರ್ಸಿಂಗ್ ಸರ್ವಿಸ್ ಸೇರಿದವರು ಲೆಫ್ಟಿನೆಂಟ್ ಆಗಿಯೇ ಶುರು ಮಾಡುತ್ತಾರೆ. ಇಎಸ್‌ಐನಲ್ಲಂತೂ ಇಬ್ಬರು ಧಣಿಗಳು. ರಾಜಾಜಿನಗರ, ಕಲಬುರಗಿಯ ಇಎಸ್‌ಐ ಮೆಡಿಕಲ್ ಕಾಲೇಜುಗಳು ಕೇಂದ್ರದ ನಿಗಮದವು, ಊರೂರಿನ ಇಎಸ್‌ಐ ಚಿಕಿತ್ಸಾಲಯಗಳು ರಾಜ್ಯದ ಕಾರ್ಮಿಕ ಇಲಾಖೆಯ ಕೈಕೆಳಗೆ. ಏಮ್ಸ್ ನಮ್ಮ ರಾಜ್ಯದಲ್ಲಿಲ್ಲ. ರಾಯಚೂರಿನವರು ಅದಕ್ಕಾಗಿ 2022ರಲ್ಲಿ ಧರಣಿ ಶುರು ಮಾಡಿದರು. ಆದರೆ ಏಮ್ಸ್‌ಗಳ ನರ್ಸಿಂಗ್ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆಯನ್ನು ನಮ್ಮ ಮಕ್ಕಳೂ ಬರೆಯಬಹುದು. ಊರು ಬಿಡಲು ತಯಾರಿರಬೇಕು, ಅಷ್ಟೆ.

ಮಠ, ಮಿಷನ್, ಟ್ರಸ್ಟ್

ಕರ್ನಾಟಕದಲ್ಲಿ ಸರ್ಕಾರ ಮತ್ತು ಕಂಪನಿ ಆಸ್ಪತ್ರೆಗಳ ನಡುವೆ ಒಂದು ದೊಡ್ಡ ಲೋಕವಿದೆ. ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಕೆಎಲ್‌ಇ, ಧಾರವಾಡ ಸತ್ತೂರಿನ ಎಸ್‌ಡಿಎಂ, ವಿಜಯಪುರದ ಬಿಎಲ್‌ಡಿಇ ಒಂದು ಕಡೆ. 1880ರಿಂದ ನಡೆಯುತ್ತಿರುವ ಮಂಗಳೂರಿನ ಫಾದರ್ ಮುಲ್ಲರ್, ಬೆಂಗಳೂರಿನ ಸೇಂಟ್ ಜಾನ್ಸ್ ಥರದ ಮಿಷನ್ ಆಸ್ಪತ್ರೆಗಳು ಇನ್ನೊಂದು ಕಡೆ. ಇಲ್ಲಿ ಆಸ್ಪತ್ರೆಯ ಜೊತೆಗೆ ಕಾಲೇಜೂ ಇರುವುದರಿಂದ ವಾರ್ಡಿನಿಂದ ಪಾಠ ಹೇಳುವ ಕಡೆಗೆ ಹೊರಳಲು ದಾರಿಯಿದೆ. ಎಂಎಸ್ಸಿ ನರ್ಸಿಂಗ್ ಮಾಡಿ ಟ್ಯೂಟರ್, ಲೆಕ್ಚರರ್ ಆದವರು ಎಷ್ಟೋ ಜನ. ನಲವತ್ತು ದಾಟಿದ ಮೇಲೆ ನೈಟ್ ಡ್ಯೂಟಿ ಯಾರಿಗೂ ಬೇಡ ಅನ್ನಿಸುತ್ತದೆ. ಕೆಲಸಕ್ಕೆ ಸೇರುವಾಗಲೇ ಇದನ್ನು ತಲೆಯಲ್ಲಿಟ್ಟುಕೊಂಡರೆ ಒಳ್ಳೆಯದು.

ಸಂಬಳಕ್ಕಿಂತ ಕೆಲಸ ಕಲಿಯುವುದು ಮುಖ್ಯ ಅನ್ನುವವರಿಗೆ ಇನ್ನೊಂದು ಜಾಗವಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಮುಂದೆ ಅವರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ನಡೆಸಲು ವಹಿಸಿಕೊಂಡಿತು. ಸರಗೂರಿನ ಕಡೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1984ರಿಂದ ಕೆಲಸ ಮಾಡುತ್ತಿದೆ. ಸಾರ್ವಜನಿಕ ಆರೋಗ್ಯ ಓದಲು ಮನಸ್ಸಿರುವ ಹುಡುಗ-ಹುಡುಗಿಯರು ಇಂಥ ಕಡೆ ಒಂದೆರಡು ವರ್ಷ ಇದ್ದರೆ ಪುಸ್ತಕದಲ್ಲಿಲ್ಲದ್ದು ಕಲಿಯುತ್ತಾರೆ.

ಕಾರ್ಪೊರೇಟ್ ಮತ್ತು ಊರಿನ ನರ್ಸಿಂಗ್ ಹೋಮ್

ಮಣಿಪಾಲ್, ನಾರಾಯಣ, ಅಪೋಲೊ, ಫೋರ್ಟಿಸ್, ಆಸ್ಟರ್ ಥರದ ಸರಣಿ ಆಸ್ಪತ್ರೆಗಳಲ್ಲಿ ಕೆಲಸ ಬೇಗ ಸಿಗುತ್ತದೆ. ಎಷ್ಟೋ ಸಲ ಕಾಲೇಜಿನ ಕ್ಯಾಂಪಸ್‌ಗೇ ಬಂದು ತೆಗೆದುಕೊಳ್ಳುತ್ತಾರೆ. ಎನ್‌ಎಬಿಎಚ್ ಎಂಬ ಗುಣಮಟ್ಟದ ಮಾನ್ಯತೆ ಇದ್ದ ಕಡೆ ಪ್ರತಿ ಕೆಲಸಕ್ಕೂ ನಿಯಮ, ತರಬೇತಿ, ದಾಖಲೆ ಇರುತ್ತದೆ. ಬರೆಯುವ ಕೆಲಸ ಜಾಸ್ತಿ ಎಂದು ನರ್ಸ್‌ಗಳು ಗೊಣಗುತ್ತಾರೆ. ಆದರೆ ಅದೇ ಅಭ್ಯಾಸ ವಿದೇಶಕ್ಕೆ ಹೋದಾಗ ಕೈಹಿಡಿಯುತ್ತದೆ. ಐಸಿಯು, ಓಟಿ, ಡಯಾಲಿಸಿಸ್, ಎನ್‌ಐಸಿಯು ಅನುಭವಕ್ಕೆ ಬೆಲೆ ಹೆಚ್ಚು. ಜನರಲ್ ವಾರ್ಡಿನಲ್ಲೇ ಉಳಿದರೆ ಸಂಬಳ ಏರುವುದು ನಿಧಾನ.

ಖಾಸಗಿ ನರ್ಸ್‌ಗಳ ಸಂಬಳದ ಬಗ್ಗೆ ಒಂದು ಅಳತೆಗೋಲು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ 2016ರಲ್ಲಿ ಶಿಫಾರಸು ಮಾಡಿದ್ದು ಹೀಗೆ: 200ಕ್ಕಿಂತ ಹೆಚ್ಚು ಹಾಸಿಗೆ ಇರುವ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. 100ಕ್ಕಿಂತ ಹೆಚ್ಚಿದ್ದರೆ ಸರ್ಕಾರಿ ಸಂಬಳಕ್ಕಿಂತ ಶೇ. 10ಕ್ಕೂ ಹೆಚ್ಚು ಕಡಿಮೆಯಾಗಬಾರದು. 50ರಿಂದ 100 ಹಾಸಿಗೆ ಇದ್ದರೆ ಶೇ. 25ಕ್ಕೂ ಹೆಚ್ಚು ಕಡಿಮೆಯಾಗಬಾರದು. 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು. ಈಗ ನಿಮ್ಮೂರಿನ ನರ್ಸಿಂಗ್ ಹೋಮಿನಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆದ ಹುಡುಗಿಗೆ ಎಷ್ಟು ಕೊಡುತ್ತಾರೆ ಅಂತ ವಿಚಾರಿಸಿ ನೋಡಿ. ಶಿಫಾರಸಿಗೂ ಕೈಗೆ ಬರುವ ದುಡ್ಡಿಗೂ ನಡುವಿನ ದೂರ ಗೊತ್ತಾಗುತ್ತದೆ.

ನರ್ಸಿಂಗ್ ಹೋಮಿನ ಒಳ್ಳೆಯ ಗುಣವೂ ಇದೆ. ಮನೆ ಹತ್ತಿರ, ಎಲ್ಲ ಕೆಲಸಕ್ಕೂ ಕೈ ಹಾಕಬೇಕಾಗುವುದರಿಂದ ಬೇಗ ಪಳಗುತ್ತಾರೆ. ಆದರೆ ಸೇರುವ ಮುಂಚೆ ಒಂದಿಷ್ಟು ನೋಡಿಕೊಳ್ಳಿ. ನೇಮಕಾತಿ ಪತ್ರ ಕೈಗೆ ಕೊಡುತ್ತಾರಾ? ಸಂಬಳ ಬ್ಯಾಂಕಿಗೆ ಬರುತ್ತಾ, ಕವರಿನಲ್ಲಾ? ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಹಾಕಿಸುತ್ತಾರಾ? ಎಕ್ಸ್‌ರೇ ಟೆಕ್ನಿಷಿಯನ್ ಆದರೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕೊಟ್ಟಿದ್ದಾರಾ? ಬ್ಯಾಡ್ಜ್ ಇಲ್ಲದೆ ಆ ರೂಮಿನಲ್ಲಿ ನಿಲ್ಲಿಸುವವರ ಹತ್ತಿರ ಕೆಲಸಕ್ಕೆ ಹೋಗಲೇಬೇಡಿ. ಮೂಲ ಅಂಕಪಟ್ಟಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ ‘ಇಲ್ಲೇ ಇರಲಿ, ಬಿಡುವಾಗ ಕೊಡ್ತೀವಿ’ ಅಂದರೆ ಜೆರಾಕ್ಸ್ ಕೊಟ್ಟು ಬನ್ನಿ.

ರೋಗಿಯ ಮುಖ ನೋಡದ ಕೆಲಸಗಳು

ರಕ್ತ ಕಂಡರೆ ತಲೆ ತಿರುಗುವವರಿಗೂ ಈ ಕ್ಷೇತ್ರದಲ್ಲಿ ಜಾಗವಿದೆ. ಆಸ್ಪತ್ರೆಯೊಳಗೇ ಬಿಲ್ಲಿಂಗ್, ಇನ್ಶೂರೆನ್ಸ್ ಡೆಸ್ಕ್, ಮೆಡಿಕಲ್ ರೆಕಾರ್ಡ್ಸ್, ವೆಂಟಿಲೇಟರ್ ರಿಪೇರಿ ಮಾಡುವ ಬಯೋಮೆಡಿಕಲ್ ಎಂಜಿನಿಯರ್ ಇದ್ದಾರೆ. ಹೊರಗೆ ಡಯಾಗ್ನೋಸ್ಟಿಕ್ ಲ್ಯಾಬ್ ಸರಣಿಗಳು, ಔಷಧಿ ಕಂಪನಿಗಳು, ಔಷಧ ಪ್ರಯೋಗ ನಡೆಸುವ ಸಂಸ್ಥೆಗಳು, ಸ್ಕ್ಯಾನಿಂಗ್ ಮಷಿನ್ ತಯಾರಿಸುವವರು.

ಬೆಂಗಳೂರಿನಲ್ಲಿ ಲೈಫ್ ಸೈನ್ಸ್ ಪದವೀಧರರು ಹೆಚ್ಚಾಗಿ ಸೇರುವ ಒಂದು ಕೆಲಸ ಮೆಡಿಕಲ್ ಕೋಡಿಂಗ್. ಹೆಸರು ಕೇಳಿ ಸಾಫ್ಟ್‌ವೇರ್ ಅಂದುಕೊಳ್ಳಬೇಡಿ. ಅಮೆರಿಕದ ಆಸ್ಪತ್ರೆಯ ಚಿಕಿತ್ಸಾ ದಾಖಲೆ ಇಲ್ಲಿನ ಕಂಪ್ಯೂಟರ್‌ಗೆ ಬರುತ್ತದೆ. ಡಾಕ್ಟರ್ ಬರೆದದ್ದನ್ನು ಓದಿ, ರೋಗಕ್ಕೊಂದು, ಚಿಕಿತ್ಸೆಗೊಂದು ಸಂಕೇತ ಕೊಡಬೇಕು. ತೊಡಕಿಲ್ಲದ ಟೈಪ್ 2 ಸಕ್ಕರೆ ಕಾಯಿಲೆಗೆ ಇ11.9. ಅದೇ ರೋಗಿಗೆ ಕಿಡ್ನಿ ತೊಂದರೆಯೂ ಇದೆ ಎಂದು ಮೂರನೇ ಪುಟದಲ್ಲಿ ಬರೆದಿದ್ದರೆ ಸಂಕೇತ ಬದಲಾಗುತ್ತದೆ. ಆ ಸಾಲು ಕಣ್ತಪ್ಪಿದರೆ ವಿಮಾ ಕಂಪನಿ ಬಿಲ್ ವಾಪಸ್ ಕಳಿಸುತ್ತದೆ. ದೇಹರಚನೆ ಚೆನ್ನಾಗಿ ಗೊತ್ತಿರಬೇಕು, ಇಂಗ್ಲಿಷ್ ಓದಲು ಬರಬೇಕು, ದಿನವಿಡೀ ಕೂತು ಗಮನ ಕೊಡುವ ತಾಳ್ಮೆ ಬೇಕು. ಸಿಪಿಸಿ ಎಂಬ ಸರ್ಟಿಫಿಕೇಟ್ ಪರೀಕ್ಷೆ ಪಾಸಾದರೆ ಸಂಬಳ ಏರುತ್ತದೆ. ಆದರೆ ‘ಕೋರ್ಸ್ ಸೇರಿ, ಕೆಲಸ ಗ್ಯಾರಂಟಿ’ ಎಂದು ಮುಂಗಡ ದುಡ್ಡು ಕೇಳುವ ತರಬೇತಿ ಕೇಂದ್ರಗಳೂ ಗಲ್ಲಿಗೊಂದು ಇವೆ. ಹಳೆ ವಿದ್ಯಾರ್ಥಿಗಳು ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿ, ಅವರಲ್ಲಿ ಇಬ್ಬರ ಜೊತೆ ಮಾತಾಡಿ ಆಮೇಲೆ ಫೀಸು ಕಟ್ಟಿ.

ಹೊರದೇಶದ ಧಣಿ

ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿ ನರ್ಸ್ ಆಗಿದ್ದಾರೆ. ದುಬೈಗೆ ಅಲ್ಲಿನ ಆರೋಗ್ಯ ಪ್ರಾಧಿಕಾರದ (ಡಿಎಚ್‌ಎ) ಪರೀಕ್ಷೆ, ಇಂಗ್ಲೆಂಡ್‌ಗೆ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಯ ಜೊತೆಗೆ ಅಲ್ಲಿನ ನರ್ಸಿಂಗ್ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆ. ಇವೆಲ್ಲ ಕಲಿಯುವಂಥದ್ದೇ. ಎಡವಟ್ಟಾಗುವುದು ಏಜೆಂಟರ ಹತ್ತಿರ. ಕುವೈತ್ ಕೆಲಸ ಕೊಡಿಸುತ್ತೇವೆಂದು ಕೇರಳದ ನರ್ಸ್‌ಗಳಿಂದ ತಲಾ ಹತ್ತೊಂಬತ್ತು ಲಕ್ಷದಷ್ಟು ವಸೂಲಿ ಮಾಡಿದ ಹಗರಣ 2015ರಲ್ಲಿ ಹೊರಬಿತ್ತು. ಆ ವರ್ಷದಿಂದಲೇ ಗಲ್ಫ್ ಸೇರಿ 18 ದೇಶಗಳಿಗೆ ನರ್ಸ್‌ಗಳ ನೇಮಕಾತಿಯ ಮೇಲೆ ಕೇಂದ್ರ ಸರ್ಕಾರ ಬಿಗಿ ಹಿಡಿತ ತಂದಿತು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್ ಮೂಲಕವೇ ಹೋಗಬೇಕು, ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಕರ್ನಾಟಕದವರಿಗೆ ಕೌಶಲ್ಯಾಭಿವೃದ್ಧಿ ಇಲಾಖೆಯ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ.

ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿಯಿದೆ: 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಇಂಗ್ಲೆಂಡಿನ ಕಾನೂನಿನಲ್ಲಂತೂ ಕೆಲಸ ಹುಡುಕಿಕೊಟ್ಟದ್ದಕ್ಕೆ ಅಭ್ಯರ್ಥಿಯಿಂದ ಏಜೆನ್ಸಿ ದುಡ್ಡು ಕೇಳುವಂತೆಯೇ ಇಲ್ಲ. ಏಜೆಂಟರ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್‌ನಲ್ಲಿ ಹಾಕಿ ನೋಡಿ. ಪಟ್ಟಿಯಲ್ಲಿ ಹೆಸರಿಲ್ಲ, ಕೊಟ್ಟ ದುಡ್ಡಿಗೆ ರಸೀದಿಯೂ ಇಲ್ಲ ಅಂದರೆ ಪಾಸ್‌ಪೋರ್ಟ್ ಅವರ ಮೇಜಿನ ಮೇಲೆ ಇಡುವ ಮುಂಚೆಯೇ ಎದ್ದು ಬನ್ನಿ.